ನೋವಿನ ಮಾತ್ರೆ ಎರಡು, ಕೆಲಸವೂ ಎರಡು

ಕ್ಯಾನ್ಸರ್ ನೋವಿಗೆ ವೈದ್ಯರು ಬರೆದುಕೊಟ್ಟ ಎರಡು ಬಗೆಯ ಮಾರ್ಫಿನ್ ಮಾತ್ರೆಗಳನ್ನು ಮನೆಯವರು ಒಂದೇ ಡಬ್ಬಿಗೆ ಸುರಿಯುತ್ತಾರೆ. ಎಡವಟ್ಟುಗಳೆಲ್ಲ ಶುರುವಾಗುವುದು ಅಲ್ಲಿಂದಲೇ.

ಮೊದಲು ಡಬ್ಬಿ ಬೇರೆ ಮಾಡಿ. ಒಂದರ ಮೇಲೆ ‘ಹೊತ್ತಿನ ಮಾತ್ರೆ’, ಇನ್ನೊಂದರ ಮೇಲೆ ‘ನೋವೆದ್ದಾಗ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ವಾರದ ಖಾನೆಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆ ಬೇಡವೇ ಬೇಡ. ಮಾತ್ರೆಯ ಸ್ಟ್ರಿಪ್ ಮೇಲಿನ ಹೆಸರು, ಪ್ರಮಾಣ ಎರಡೂ ಕಳೆದುಹೋಗುತ್ತವೆ.

ಹೊತ್ತಿನ ಮಾತ್ರೆ 12 ಗಂಟೆ ನಿಧಾನವಾಗಿ ಔಷಧ ಬಿಡುವಂಥದ್ದು. ಬೆಳಿಗ್ಗೆ ಎಂಟಕ್ಕೆಂದರೆ ರಾತ್ರಿಯೂ ಎಂಟಕ್ಕೆ. ‘ಇವತ್ತು ನೋವಿಲ್ಲ’ ಎಂದು ನೀವಾಗಿಯೇ ತಪ್ಪಿಸಬೇಡಿ. ನುಂಗಲಾಗದೆಂದು ಅರೆದು ಗಂಜಿಗೆ ಬೆರೆಸಿದರೆ ಅರ್ಧ ದಿನದ ಔಷಧ ಒಮ್ಮೆಲೇ ಮೈಗೇರಿ ಉಸಿರಾಟವೇ ಕುಂದಬಹುದು.

ಹೆಚ್ಚಿನವರು ಎಡವುವುದು ನಡುವೆ ನೋವು ಧುತ್ತೆಂದು ಎದ್ದಾಗ. ಗಾಬರಿಯಲ್ಲಿ ಇನ್ನೊಂದು ಹೊತ್ತಿನ ಮಾತ್ರೆ ಕೊಡುತ್ತಾರೆ. ಅದು ಈಗಿನ ನೋವಿಗೆ ತಡ, ರಾತ್ರಿಗೆ ಅತಿ. ಕೊಡಬೇಕಾದದ್ದು ಎರಡನೇ ಡಬ್ಬಿಯದು. ಅದು ಕೆಲಸ ಮಾಡಲು ಅರ್ಧ ಗಂಟೆಯಾದರೂ ಬೇಕು; ಹತ್ತು ನಿಮಿಷಕ್ಕೇ ಮತ್ತೊಂದು ಕೊಡಬೇಡಿ. ಎಷ್ಟು ಅಂತರದಲ್ಲಿ, ದಿನಕ್ಕೆ ಎಷ್ಟು ಸಲ ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಸಾಮಾನ್ಯವಾಗಿ ಇದರ ಒಂದು ಸಲದ ಪ್ರಮಾಣ ಇಡೀ ದಿನದ ಮಾರ್ಫಿನ್‌ನ ಹತ್ತನೇ ಒಂದರಿಂದ ಆರನೇ ಒಂದು ಭಾಗ. ಆದ್ದರಿಂದ ಹೊತ್ತಿನ ಮಾತ್ರೆ ಹೆಚ್ಚಿಸಿದಾಗ ‘ಇದನ್ನೂ ಬದಲಿಸಬೇಕೇ?’ ಎಂದು ಕೇಳಿ. ಲೆಕ್ಕ ಮಾತ್ರ ನೀವು ಹಾಕಬೇಡಿ. ಗಾಯ ತೊಳೆಯುವಾಗಲೇ ನೋವು ಬರುವುದಾದರೆ ಅರ್ಧ ಗಂಟೆ ಮೊದಲೇ ಕೊಡಬಹುದೇ ಎಂದೂ ಕೇಳಿಟ್ಟುಕೊಳ್ಳಿ.

ಕೊಟ್ಟ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಮೊಬೈಲಿನಲ್ಲಲ್ಲ. ಪಾಳಿ ಬದಲಾಯಿಸುವವರಿಗೂ ಕಾಣಬೇಕು. ಎರಡನೇ ಡಬ್ಬಿಯದು ದಿನಕ್ಕೆ ಮೂರ್ನಾಲ್ಕು ಸಲ ಬೇಕಾಗುತ್ತಿದ್ದರೆ, ಅಥವಾ ಪ್ರತಿದಿನ ಎಂಟು ಗಂಟೆಗೆ ಸ್ವಲ್ಪ ಮುಂಚೆಯೇ ನೋವೇಳುತ್ತಿದ್ದರೆ, ಹೊತ್ತಿನ ಮಾತ್ರೆಯೇ ಸಾಲುತ್ತಿಲ್ಲವೇನೋ. ವೈದ್ಯರಿಗೆ ಫೋನ್ ಮಾಡಿ.

ಹೊತ್ತಿನ ಮಾತ್ರೆಯ ಬದಲು ಫೆಂಟನಿಲ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನೋವಿನ ಔಷಧ) ಇದ್ದರೆ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುವುದು. ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು, ಔಷಧ ಹೆಚ್ಚಾಗಿ ಒಳಸೇರುತ್ತದೆ. ಹಳೆಯ ಪ್ಯಾಚಿನಲ್ಲೂ ಔಷಧ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ.

ಮಾರ್ಫಿನ್ ಮಲ ಕಟ್ಟಿಸುತ್ತದೆ, ಹಾಗಾಗಿ ಮಲಬದ್ಧತೆಯ ಔಷಧ ಮೊದಲ ದಿನದಿಂದಲೇ ಬೇಕು. ಬಾಳೆಹಣ್ಣಿನಿಂದ ಆಗುವ ಕೆಲಸವಲ್ಲ.

ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ‘ನೋವಿನ ಇಂಜೆಕ್ಷನ್’ ಹಾಕಿಸಬೇಡಿ. ಅದು ಪೆಂಟಜೋಸಿನ್ ಎಂಬ ನೋವಿನ ಔಷಧವಾಗಿದ್ದರೆ ಮಾರ್ಫಿನ್‌ನ ಕೆಲಸವನ್ನೇ ತಡೆಯುತ್ತದೆ. ಮನೆಯಲ್ಲುಳಿದ ಹಳೆಯ ಟ್ರಮಡಾಲ್ (ಇನ್ನೊಂದು ನೋವಿನ ಔಷಧ), ನಿದ್ರೆಮಾತ್ರೆ, ಮದ್ಯ ಯಾವುದೂ ಜೊತೆಗೆ ಬೇಡ. ಎಬ್ಬಿಸಿದರೂ ಏಳದ ಮಂಪರು, ತೀರಾ ನಿಧಾನವಾದ ಉಸಿರು ಕಂಡರೆ ಮುಂದಿನ ಮಾತ್ರೆ ನಿಲ್ಲಿಸಿ, ಪ್ಯಾಚ್ ಕಿತ್ತು, ಕೂಡಲೇ ಆಸ್ಪತ್ರೆಗೆ ಹೊರಡಿ.

ಮಾರ್ಫಿನ್ ಎಲ್ಲ ಮೆಡಿಕಲ್ ಅಂಗಡಿಗಳಲ್ಲೂ ಸಿಗುವುದಿಲ್ಲ. ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದಕ್ಕೆ ಹೋಗಿ.