ಮುಂಗಡ ಕೊಡುವ ಮೊದಲೇ ಮದುವೆಯ ಕಸದ ಲೆಕ್ಕ

ಪರಿಸರಸ್ನೇಹಿ ಮದುವೆ ಎಂದೊಡನೆ ನೆನಪಾಗುವುದು ಬೀಜ ಬೆರೆಸಿದ ಕಾಗದದ ಲಗ್ನಪತ್ರಿಕೆ ಮತ್ತು ತಾಂಬೂಲದ ಜೊತೆ ಕೈಗಿಡುವ ಸಸಿ. ಎರಡೂ ನೋಡಲು ಚೆನ್ನ. ಆದರೆ ಐನೂರು ಜನರ ಮದುವೆಯೊಂದರಿಂದ ಕಲ್ಯಾಣ ಮಂಟಪದ ಹಿಂಬಾಗಿಲಿಗೆ ಬಂದು ಬೀಳುವ ನೀರಿನ ಬಾಟಲಿ, ಕಾಗದದ ಲೋಟ, ಮೇಜಿನ ಹಾಳೆ ಮತ್ತು ಮಿಕ್ಕ ಅನ್ನದ ರಾಶಿಯ ಮುಂದೆ ಅವು ಲೆಕ್ಕಕ್ಕೇ ಬರುವುದಿಲ್ಲ. ಆ ರಾಶಿ ಎಷ್ಟು ದೊಡ್ಡದಾಗಬೇಕು ಎಂಬುದನ್ನು ನಿರ್ಧರಿಸುವವರು ಮಂಟಪದ ವ್ಯವಸ್ಥಾಪಕರು, ಅಡುಗೆಯವರು ಮತ್ತು ಅಲಂಕಾರದವರೇ ಹೊರತು ಮದುಮಕ್ಕಳಲ್ಲ. ಆದ್ದರಿಂದ ಅವರೊಡನೆ ಆಡಬೇಕಾದ ಮಾತನ್ನೆಲ್ಲ ಮುಂಗಡ ಕೊಡುವ ಮೊದಲೇ ಆಡಿ, ಒಪ್ಪಿದ್ದನ್ನು ರಸೀದಿಯ ಹಿಂಬದಿಯಲ್ಲಾದರೂ ಬರೆಸಿಕೊಳ್ಳಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಲಾಗಿದೆ.

ಹಂತ 1: ಎಣಿಕೆ

ಹೆಣ್ಣಿನ ಕಡೆಯವರು ಮತ್ತು ಗಂಡಿನ ಕಡೆಯವರು ಒಟ್ಟಿಗೆ ಕುಳಿತು ಒಂದೇ ಪಟ್ಟಿ ಮಾಡುವುದು ಒಳ್ಳೆಯದು. ಹಿಂದಿನ ಸಂಜೆಯ ಆರತಕ್ಷತೆ, ಮರುದಿನದ ತಿಂಡಿ ಮತ್ತು ಮುಹೂರ್ತದ ಊಟ, ಇವಕ್ಕೆ ಬರುವವರು ಬೇರೆ ಬೇರೆಯಾಗಿರುವುದರಿಂದ ಮೂರಕ್ಕೂ ಪ್ರತ್ಯೇಕ ಸಂಖ್ಯೆ ಬರೆಯಬೇಕು. ಎಲ್ಲದಕ್ಕೂ ದೊಡ್ಡ ಸಂಖ್ಯೆಯನ್ನೇ ಹೇಳಿಬಿಡುವ ಅಭ್ಯಾಸವೇ ಅನ್ನ ಮಿಗಲು ಮೊದಲ ಕಾರಣ. ಇನ್ನೂ ಧೈರ್ಯವಿರುವವರಿಗೆ ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ದಾರಿ ಇದ್ದೇ ಇದೆ. ವರದಕ್ಷಿಣೆಯೂ ಆಡಂಬರವೂ ಇಲ್ಲದ ಆ ಪದ್ಧತಿಯಲ್ಲಿ 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯೇ ನಡೆಯಿತು.

ಲಗ್ನಪತ್ರಿಕೆಯನ್ನು ಮನೆಗೊಂದರಂತೆ, ಹಿರಿಯರಿರುವ ಮನೆಗಳಿಗೆ ಮಾತ್ರ ಅಚ್ಚು ಹಾಕಿಸಿ, ಉಳಿದವರಿಗೆ ಮೊಬೈಲಿನಲ್ಲಿ ಕಳುಹಿಸಿ ಫೋನ್ ಮಾಡಿ ಕರೆದರೆ ಸಾಕು. ಆಮಂತ್ರಣ ಪತ್ರಿಕೆಗೂ ಸಿಹಿತಿಂಡಿಯ ಡಬ್ಬಿಗೂ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ ಎಂಬುದನ್ನು ಅಚ್ಚುಕೂಟದವರಿಗೂ ಮಿಠಾಯಿ ಅಂಗಡಿಯವರಿಗೂ ನೆನಪಿಸಬೇಕಾಗಿ ಬರಬಹುದು.

ಹಂತ 2: ಮಂಟಪದ ಕರಾರು

ಮಂಟಪ ನೋಡಲು ಹೋದಾಗ ವೇದಿಕೆಗಿಂತ ಮೊದಲು ಪಾತ್ರೆ ತೊಳೆಯುವ ಜಾಗವನ್ನು ನೋಡಿ. ಸ್ಟೀಲ್ ಲೋಟ, ತಟ್ಟೆಗಳು ಮಂಟಪದ್ದೇ ಇವೆಯೇ, ಹೊರಗಿನ ಅಡುಗೆಯವರನ್ನು ಕರೆಸಬಹುದೇ, ಹಸಿ ಕಸ ಒಣ ಕಸಕ್ಕೆ ಬೇರೆ ಡ್ರಮ್‌ಗಳನ್ನು ಇಡುತ್ತಾರೆಯೇ ಮತ್ತು ಆ ಕಸವನ್ನು ಒಯ್ಯುವವರು ಯಾರು ಎಂದು ಕೇಳಿ. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬ್ಯಾನರ್‌ಗಳ ಜೊತೆಗೆ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ನಿಷೇಧಿಸಲಾಗಿದೆ. ಆದ್ದರಿಂದ ಇವು ಬೇಡವೆಂದು ಹೇಳುವಾಗ ಸಂಕೋಚಪಡಬೇಕಾದವರು ನೀವಲ್ಲ. ಬೆಂಗಳೂರಿನಲ್ಲಾದರೆ ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕ್ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟಗಳನ್ನು ಒದಗಿಸುತ್ತದೆ. ಬೇರೆಡೆ ಶಾಮಿಯಾನದವರ ಬಳಿ ಬಾಡಿಗೆಗೆ ಸಿಗುತ್ತವೆ.

ಹಂತ 3: ಊಟ

ನಿಧಾನವಾಗಿ ಮಾತಾಡಬೇಕಾದ ಜಾಗ ಇದು. ನಮ್ಮಲ್ಲಿ ಅನೇಕ ಅಡುಗೆಯವರು ಎಲೆ ಲೆಕ್ಕದಲ್ಲಿ ಹಣ ಪಡೆಯುತ್ತಾರೆ, ಜೊತೆಗೆ ಇಷ್ಟು ಎಲೆಗೆ ಕಡಿಮೆಯಾಗಬಾರದು ಎಂದೂ ಷರತ್ತು ಹಾಕುತ್ತಾರೆ. ಆರುನೂರು ಎಲೆಗೆ ಒಪ್ಪಿಕೊಂಡು ನಾನೂರೈವತ್ತು ಜನ ಬಂದರೆ ಉಳಿದ ನೂರೈವತ್ತು ಎಲೆಗಳ ಹಣವನ್ನೂ ಕೊಡಬೇಕು, ಅಡುಗೆಯನ್ನೂ ಚೆಲ್ಲಬೇಕು. ಕನಿಷ್ಠ ಸಂಖ್ಯೆಯನ್ನು ಕೆಳಗಿಳಿಸಿ, ಹೆಚ್ಚಾದ ಎಲೆಗೆ ಸ್ವಲ್ಪ ಹೆಚ್ಚು ದರ ಕೊಡುವುದಾಗಿ ಹೇಳಿದರೆ ಒಪ್ಪುವವರಿದ್ದಾರೆ. ಕೊನೆಯ ಪಂಕ್ತಿಗೆ ಬೇಕಾದ ಅನ್ನವನ್ನು ಮೊದಲೇ ಬೇಯಿಸದೆ ಜನ ನೋಡಿ ಒಲೆಗಿಡಲು ಹೇಳಿ. ಸಿಹಿಯನ್ನು ಎರಡಕ್ಕೆ ನಿಲ್ಲಿಸಿ, ಕೇಳಿ ಬಡಿಸುವಂತೆ ಬಡಿಸುವವರಿಗೆ ತಿಳಿಸಿ. ಎಲೆಯ ತುದಿಯಲ್ಲಿ ಯಾರೂ ಮುಟ್ಟದೆ ಉಳಿಯುವ ಮೂರನೆಯ ಸಿಹಿ ಅತಿಥಿಗಾಗಿ ಅಲ್ಲ, ಬೀಗರ ಮುಂದಿನ ಪ್ರತಿಷ್ಠೆಗಾಗಿ ಮಾಡಿದ್ದು ಎಂಬುದು ಎಲ್ಲರಿಗೂ ಗೊತ್ತು.

ಎಲೆಯ ವಿಷಯದಲ್ಲಿ ನಮಗೆ ಹೊಸದೇನೂ ಬೇಕಾಗಿಲ್ಲ. ಬಾಳೆ ಎಲೆ, ಒಣ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಕಟ್ಟಿದ ಊಟದೆಲೆ, ತಾನಾಗಿ ಉದುರಿದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿದ ತಟ್ಟೆ, ಇವೆಲ್ಲ ತಿಪ್ಪೆಯಲ್ಲಿ ಗೊಬ್ಬರವಾಗುತ್ತವೆ. ಎಚ್ಚರ ಬೇಕಾದದ್ದು ಬಾಳೆ ಎಲೆಯ ಚಿತ್ರ ಅಚ್ಚಾದ ಹಸಿರು ಹಾಳೆಯ ಬಗ್ಗೆ ಮತ್ತು ಕಾಗದದ ಲೋಟದ ಬಗ್ಗೆ. ಲೋಟವನ್ನು ನೀರಿನಲ್ಲಿ ನೆನೆಸಿಟ್ಟು ಹರಿದರೆ ಒಳಮೈಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಪೊರೆ ಬಿಡಿಯಾಗಿ ಎದ್ದು ಬರುತ್ತದೆ. ಅದು ಗೊಬ್ಬರಕ್ಕೂ ಆಗದು, ಹಳೆ ಕಾಗದದವರಿಗೂ ಬೇಡ.

ನೀರಿನ ಲೆಕ್ಕ ಇನ್ನೂ ಸರಳ. ಐನೂರು ಜನರಿಗೆ ತಲಾ ಎರಡು ಪುಟ್ಟ ಬಾಟಲಿಯಾದರೆ ಸಾವಿರ ಬಾಟಲಿ. ಅದೇ ಜನ ತಲಾ ಅರ್ಧ ಲೀಟರ್ ಕುಡಿದರೆ 250 ಲೀಟರ್, ಅಂದರೆ 20 ಲೀಟರಿನ ಹದಿಮೂರು ಕ್ಯಾನ್. ಲೋಟ ತೊಳೆಯಲು ಇನ್ನಿಬ್ಬರು ಬೇಕಾಗುತ್ತಾರೆ, ಅವರ ಕೂಲಿಯನ್ನು ಬಾಟಲಿಯಲ್ಲಿ ಉಳಿದ ಹಣದಿಂದ ಕೊಡಬಹುದು. ಕೂಲಿಯ ಮಾತು ಬಂದದ್ದರಿಂದ ಇನ್ನೊಂದು ಷರತ್ತನ್ನೂ ಸೇರಿಸಬೇಕು: ಬಡಿಸಲು, ಪಾತ್ರೆ ತೊಳೆಯಲು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆತರುವುದು ಕಾನೂನಿನ ಪ್ರಕಾರ ಅಪರಾಧ, ಅದನ್ನು ಅಡುಗೆಯವರಿಗೆ ಮೊದಲೇ ಹೇಳಬೇಕು. ವಾಲಗದವರಿಗೂ ಕೆಲಸದವರಿಗೂ ಊಟದ ಹೊತ್ತು ಮೀರದಂತೆ ಎಲೆ ಹಾಕಿಸುವುದು ಮನೆಯವರ ಜವಾಬ್ದಾರಿ.

ಆಹಾರ ಮಿಕ್ಕರೆ ಯಾರಿಗೆ ಎಂಬುದನ್ನು ಮಿಕ್ಕ ಮೇಲೆ ಯೋಚಿಸಿದರೆ ತಡವಾಗುತ್ತದೆ. ಹತ್ತಿರದ ಅನಾಥಾಶ್ರಮ ಅಥವಾ ಆಹಾರ ಹಂಚುವ ಗುಂಪಿನೊಡನೆ ಮೊದಲೇ ಮಾತಾಡಿ, ಫೋನ್ ಮಾಡುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿ, ಪಂಕ್ತಿಗೆ ಹೋಗದ ಪಾತ್ರೆಯಲ್ಲಿರುವ ಬಿಸಿ ಅಡುಗೆಯನ್ನಷ್ಟೇ ಮುಚ್ಚಿ ಕಳುಹಿಸಬೇಕು. ತೆಂಗಿನಕಾಯಿ ರುಬ್ಬಿ ಹಾಕಿದ ಪದಾರ್ಥ ಮತ್ತು ಮೊಸರನ್ನ ಬೇಗ ಹಳಸುವುದರಿಂದ ಅವನ್ನು ಕಳುಹಿಸದಿರುವುದೇ ಕ್ಷೇಮ.

ಹಂತ 4: ಅಲಂಕಾರ

ತೆಂಗಿನ ಗರಿಯ ಚಪ್ಪರ, ಬಾಳೆ ಕಂದು, ಮಾವಿನ ತೋರಣ, ಆಯಾ ಕಾಲದ ಸೇವಂತಿಗೆ ಅಥವಾ ಮಲ್ಲಿಗೆ ಸಾಕು. ಹೂ ಚುಚ್ಚಲು ಬಳಸುವ ಹಸಿರು ಸ್ಪಂಜು ಕೊಳೆಯದ ಪ್ಲಾಸ್ಟಿಕ್ ಎಂಬುದು ಹಲವರಿಗೆ ತಿಳಿದಿಲ್ಲ. ಅದು ಬೇಡವೆಂದು ಬರೆಸಿ.

ಹಂತ 5: ಸೀರೆ ಮತ್ತು ಚಿನ್ನ

ರೇಷ್ಮೆಯ ಪ್ರಶ್ನೆ ಸುಲಭವಲ್ಲ. ಗೂಡಿನಿಂದ ತುಂಡಾಗದ ಎಳೆ ಬಿಚ್ಚಬೇಕಾದರೆ ಒಳಗಿನ ಹುಳುವನ್ನು ಚಿಟ್ಟೆಯಾಗುವ ಮೊದಲೇ ಬಿಸಿಯಿಂದ ಕೊಲ್ಲುತ್ತಾರೆ. ಚಿಟ್ಟೆ ಹೊರಬಂದ ಗೂಡಿನಿಂದ ಹತ್ತಿಯಂತೆ ನೂತು ತೆಗೆಯುವ ಅಹಿಂಸಾ ರೇಷ್ಮೆಗೆ ಹೊಳಪು ಕಡಿಮೆ. ಬಾಯಿ ತೆರೆದ ಗೂಡು ಕಟ್ಟುವ ಎರಿ ರೇಷ್ಮೆಯನ್ನೂ ಅಹಿಂಸೆಯದೆಂದು ಮಾರುತ್ತಾರೆ, ಆದರೆ ಈಶಾನ್ಯ ರಾಜ್ಯಗಳಲ್ಲಿ ಆ ಹುಳು ಆಹಾರವೂ ಹೌದು, ಕೇಳಿ ಕೊಳ್ಳಬೇಕು. ಇನ್ನೊಂದೆಡೆ ರಾಮನಗರದ ಗೂಡಿನ ಮಾರುಕಟ್ಟೆಯನ್ನು ನಂಬಿ ಬದುಕುವ ರೈತ ಕುಟುಂಬಗಳಿವೆ. ನನ್ನ ಅಭಿಪ್ರಾಯದಲ್ಲಿ ಧಾರೆಗೆ ಅಮ್ಮನ ಅಥವಾ ಅಜ್ಜಿಯ ಸೀರೆಯನ್ನೇ ಉಟ್ಟು, ಉಳಿದ ಶಾಸ್ತ್ರಗಳಿಗೆ ಮತ್ತೆ ಮತ್ತೆ ಉಡಬಹುದಾದ ಇಳಕಲ್ ಅಥವಾ ಉಡುಪಿಯ ಕೈಮಗ್ಗದ ಹತ್ತಿ ಸೀರೆಯನ್ನು ಕೊಳ್ಳುವುದು ಸರಿಯಾದ ದಾರಿ.

ಚಿನ್ನದ ಬೆಲೆ ಏನೆಂದು ತಿಳಿಯಲು ಕೋಲಾರ ಚಿನ್ನದ ಗಣಿಯ ಪ್ರದೇಶಕ್ಕೆ ಹೋಗಿ ನೋಡಬೇಕು. ಗಣಿ 2001ರಲ್ಲಿ ಮುಚ್ಚಿದ ಮೇಲೂ ಅಲ್ಲಿನ ಸೈನೈಡ್ ದಿಬ್ಬಗಳು, ಅಂದರೆ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆಗಳು, ಊರಿನ ಪಕ್ಕದಲ್ಲೇ ನಿಂತಿವೆ, ಗಾಳಿ ಬೀಸಿದಾಗ ಅವುಗಳ ದೂಳು ಮನೆಗಳಿಗೆ ಬರುತ್ತದೆ. ಮನೆಯಲ್ಲಿರುವ ಹಳೆಯ ಒಡವೆಯನ್ನು ಕರಗಿಸಿ ಹೊಸದು ಮಾಡಿಸಿದರೆ ಅಷ್ಟರಮಟ್ಟಿಗೆ ಹೊಸ ಅದಿರು ಬೇಕಾಗುವುದಿಲ್ಲ. ಕರಗಿಸುವ ಮೊದಲು ಶುದ್ಧತೆಯ ಪರೀಕ್ಷೆ ಮತ್ತು ತೂಕ ನಿಮ್ಮ ಕಣ್ಣೆದುರೇ ಆಗಲಿ. ಹೊಸ ಒಡವೆಯ ಮೇಲೆ ಹಾಲ್‌ಮಾರ್ಕ್ ಜೊತೆಗೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಂಕಿ-ಅಕ್ಷರಗಳ ಗುರುತು ಇದೆಯೇ ನೋಡಿ.

ಹಂತ 6: ತಾಂಬೂಲ, ಮುಯ್ಯಿ, ಉಡುಗೊರೆ

ತಾಂಬೂಲದ ಚೀಲ ಬಟ್ಟೆಯಂತೆ ಕಂಡರೂ ಬಹಳ ಸಲ ನೇಯದ ಪ್ಲಾಸ್ಟಿಕ್ಕೇ ಆಗಿರುತ್ತದೆ. ಒಂದು ಎಳೆಯನ್ನು ದೀಪಕ್ಕೆ ಹಿಡಿದರೆ ಹತ್ತಿ ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಯಾರೂ ಹೊಲಿಸದೆ ಮನೆಯಿಂದ ಮನೆಗೆ ಸುತ್ತುತ್ತಲೇ ಇರುವ ರವಿಕೆ ಕಣದ ಬದಲು, ತೆಂಗಿನಕಾಯಿಯನ್ನು ಕಟ್ಟಿಕೊಡುವ ಹತ್ತಿಯ ಚೌಕವನ್ನೇ ಕೈ ಒರೆಸಲು ಬಳಸುವಂತೆ ಕೊಡಬಹುದು. ಸಸಿ ಕೊಡುವುದಾದರೆ ಬೇಕೆಂದವರಿಗೆ ಮಾತ್ರ, ಅದರಲ್ಲೂ ಕುಂಡದಲ್ಲಿ ಬದುಕುವ ದೊಡ್ಡಪತ್ರೆಯನ್ನೋ ತುಳಸಿಯನ್ನೋ ಕೊಡಿ. ಮೂರನೆಯ ಮಹಡಿಯ ಫ್ಲ್ಯಾಟಿಗೆ ಹೊಂಗೆ ಸಸಿ ಒಯ್ದವರು ಅದನ್ನು ಏನು ಮಾಡಿಯಾರು?

ಉಡುಗೊರೆ ಕೊಡುವವರು ಗೋಡೆ ಗಡಿಯಾರ, ಗಾಜಿನ ಲೋಟಗಳ ಪೆಟ್ಟಿಗೆ ಬಿಟ್ಟು, ಆಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಕುಂಕುಮದ ಭರಣಿಯನ್ನೋ ಹೆಂಗಸರು ನೇಯುವ ನವಲಗುಂದದ ಜಮಖಾನವನ್ನೋ ನೋಡಬಹುದು. ಇದಾವುದೂ ತೋಚದಿದ್ದರೆ ಮುಯ್ಯಿಯನ್ನು ಹಣದಲ್ಲೇ ಮಾಡುವ ಹಳೆಯ ಪದ್ಧತಿ ಕಸವಿಲ್ಲದ್ದು.

ಮದುವೆಯ ಹೊತ್ತಿನ ಕೊಡುಗೆಗಳ ಪಟ್ಟಿ ಬರೆದಿಡಬೇಕೆಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮಗಳು ಹೇಳುತ್ತವೆ. ವಧುವಿಗೆ ಬಂದದ್ದನ್ನು ವಧು, ವರನಿಗೆ ಬಂದದ್ದನ್ನು ವರ ಪ್ರತ್ಯೇಕವಾಗಿ ಬರೆಯಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ನಮೂದಿಸಿ ಇಬ್ಬರೂ ಸಹಿ ಹಾಕಬೇಕು. ಕೇಳಿ ಪಡೆದದ್ದು ಯಾವ ಹೆಸರಿನಲ್ಲಿ ಬಂದರೂ ಉಡುಗೊರೆಯಾಗುವುದಿಲ್ಲ, ಅಂಥ ಬೇಡಿಕೆ ಇರುವ ಮದುವೆಯಲ್ಲಿ ಬಾಳೆ ಎಲೆ ಹಾಕಿ ಪ್ರಯೋಜನವಿಲ್ಲ.

ಹಂತ 7: ಮಂಟಪ ಬಿಡುವ ಹೊತ್ತು

ಎಲೆಗಳ ರಾಶಿಯಿಂದ ಚಮಚ, ಪ್ಲಾಸ್ಟಿಕ್ ದಾರಗಳನ್ನು ಹೆಕ್ಕಿ ಹಸಿ ಕಸವನ್ನು ಗೊಬ್ಬರಕ್ಕೆ ಕೊಡಿ, ಬಾಳೆ ನಾರಿನಲ್ಲಿ ಕಟ್ಟಿದ ಹೂಮಾಲೆಗಳನ್ನು ಹಾಗೆಯೇ ಅದರ ಜೊತೆ ಹಾಕಬಹುದು. ಬಾಡಿಗೆಯ ಲೋಟಗಳನ್ನು ಬಂಧುಗಳು ಹೊರಡುವ ಮೊದಲೇ ಎಣಿಸಿಕೊಳ್ಳಿ. ನೀರು ತುಂಬಿ ಮಕ್ಕಳ ಕೈಗೆ ಕೊಟ್ಟ ಎರಡು ಮೂರು ಲೋಟಗಳು ಬಸ್ಸು ಹತ್ತಿರುವುದು ಸಾಮಾನ್ಯ.