ಗೈಡ್ ಪಕ್ಕಕ್ಕಿಡಿ, ಇಂಗ್ಲಿಷ್ ಪಾಠ ನೀವೇ ಓದಿ ಬರೆಯಿರಿ

ಪರೀಕ್ಷೆ ಹತ್ತಿರ ಬಂದಾಗ ಗೈಡ್ ಹಿಡಿದು ಇಂಗ್ಲಿಷ್ ಪದ್ಯದ ಸಾರಾಂಶ ಉರು ಹೊಡೆಯುವ ಮಕ್ಕಳು ನಮ್ಮ ಹಾಸನದಲ್ಲೂ ಬೇಕಾದಷ್ಟಿದ್ದಾರೆ. ಅಂಕ ಬರಬಹುದು. ಸ್ವಂತವಾಗಿ ನಾಲ್ಕು ಸಾಲು ಬರೆಯಿರಿ ಅಂದರೆ ಮಾತ್ರ ಪೆನ್ನು ನಿಂತುಬಿಡುತ್ತದೆ. ಓದುವುದನ್ನೂ ಬರೆಯುವುದನ್ನೂ ಜೊತೆಜೊತೆಗೆ ಕಲಿತರೆ ಈ ಪಾಡು ಇರುವುದಿಲ್ಲ.

ಮೊದಲು ಜೋರಾಗಿ ಓದಿ. ಪದ್ಯವಾದರೆ ಎರಡು ಸಲ, ಕಥೆಯಾದರೆ ಒಂದು ಪುಟ ಸಾಕು. ಗೊತ್ತಿಲ್ಲದ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ಮುಂದೆ ಹೋಗಿ. ಎರಡನೇ ಓದಿಗೆ ಎಷ್ಟೋ ಪದಗಳು ತಾವಾಗಿಯೇ ತಿಳಿಯುತ್ತವೆ. ಉಳಿದದ್ದಕ್ಕೆ ಡಿಕ್ಷನರಿ ಇದೆ.

ಆಮೇಲೆ ಕನ್ನಡದಲ್ಲೇ ಮಾತಾಡಿ. ಇದನ್ನು ಯಾರು ಹೇಳುತ್ತಿದ್ದಾರೆ, ಯಾರಿಗೆ? ಯಾವ ಸಾಲು ಹಿಡಿಸಿತು, ಯಾಕೆ? ಪಕ್ಕದಲ್ಲಿ ಕೂತವರಿಗೆ ಹೇಳಿ. ಇದರಲ್ಲಿ ನಾಚಿಕೆ ಬೇಡ. 1908ರಲ್ಲಿ ಹಾಸನದಲ್ಲೇ ಹುಟ್ಟಿದ ರಾಜಾ ರಾವ್ 1938ರಲ್ಲಿ 'ಕಾಂತಾಪುರ' ಕಾದಂಬರಿಯನ್ನು ಇಂಗ್ಲಿಷಿನಲ್ಲಿ ತಂದರು. ಕಥೆ ಹೇಳಿಸಿದ್ದು ಹಳ್ಳಿಯ ಅಜ್ಜಿಯೊಬ್ಬಳ ಬಾಯಲ್ಲಿ. ಭಾಷೆ ಇಂಗ್ಲಿಷ್, ಮಾತಿನ ಓಟ ನಮ್ಮ ಜಗುಲಿಯದು. ನಮ್ಮ ಜಿಲ್ಲೆಯ ಪ್ರತಿ ಇಂಗ್ಲಿಷ್ ತರಗತಿಯಲ್ಲೂ ಇದನ್ನು ಹೇಳಲೇಬೇಕು ಅನ್ನುವುದು ನನ್ನ ಆಸೆ.

ಈಗ ಬರವಣಿಗೆ. ಇಲ್ಲಿ ಅವಸರ ಮಾಡಬೇಡಿ. ವಿಷಯ 'ಮಳೆ' ಅಂದುಕೊಳ್ಳಿ. ಹೆಚ್ಚಿನವರು 'ದಿ ರೈನ್ ವಾಸ್ ವೆರಿ ಹೆವಿ' ಅಂತ ಶುರು ಮಾಡುತ್ತಾರೆ. ತಪ್ಪೇನಿಲ್ಲ, ಆದರೆ ಓದುವವರ ಕಣ್ಣಿಗೆ ಏನೂ ಕಾಣುವುದಿಲ್ಲ, ಅಲ್ವಾ? ಸಕಲೇಶಪುರದ ಕಡೆಯ ಹುಡುಗಿಯನ್ನು ಕೇಳಿ ನೋಡಿ. ಜನವರಿಯಲ್ಲಿ ಅಕಾಲ ಮಳೆ ಬಂದರೆ, ಕಣದಲ್ಲಿ ಒಣಗಲು ಹರಡಿದ ಕಾಫಿಗೆ ಟಾರ್ಪಾಲು ಹೊದಿಸಲು ಮನೆಮಂದಿಯೆಲ್ಲ ಓಡುತ್ತಾರೆ. ಹಾಗಾದರೆ ಅವಳು 'ವಿ ರ್‍ಯಾನ್ ಟು ಕವರ್ ದಿ ಕಾಫಿ' ಅಂತಲೇ ಶುರು ಮಾಡಲಿ. ಆರೇ ಪದ. ಮಳೆಯೂ ಬಂತು, ಗಡಿಬಿಡಿಯೂ ಬಂತು. ಟಾರ್ಪಾಲಿನ ಇನ್ನೊಂದು ತುದಿ ಯಾರು ಹಿಡಿದರು? ಅಪ್ಪ ಏನಂತ ಕೂಗಿದರು? ಎಷ್ಟು ಕಾಫಿ ನೆನೆಯಿತು? ಒಂದೊಂದು ಉತ್ತರಕ್ಕೆ ಒಂದೊಂದು ವಾಕ್ಯ ಬರೆದರೆ ಪ್ಯಾರಾ ತಯಾರು. ಉದ್ದದ ವಾಕ್ಯ ಕಟ್ಟಲು ಹೋಗಬೇಡಿ. ಅದು ಅಭ್ಯಾಸದಿಂದ ಬರುತ್ತದೆ.

ಬರೆಯುತ್ತಲೇ ತಿದ್ದಬೇಡಿ. ಪೂರ್ತಿ ಬರೆದು, ಮರುದಿನ ತಿದ್ದಿ. ಒಂದು ಸುತ್ತಿಗೆ ಒಂದೇ ಬಗೆಯ ತಪ್ಪು ಹುಡುಕಿ. ಮೊದಲು ಕಾಲ: 'ರ್‍ಯಾನ್' ಅಂತ ಶುರುವಾದದ್ದು ನಡುವೆ 'ರನ್' ಆಗಿದೆಯಾ? ಆಮೇಲೆ 'ಎ', 'ದಿ'. ಕನ್ನಡದಲ್ಲಿ ಇವು ಇಲ್ಲ, ಹಾಗಾಗಿ ನಮ್ಮ ಕೈಯಲ್ಲಿ ಬಿಟ್ಟುಹೋಗುವುದು ಜಾಸ್ತಿ. ಸ್ಪೆಲ್ಲಿಂಗ್ ಕೊನೆಗೆ ನೋಡಿದರಾಯಿತು.

ಟೀಚರಿಗೆ ತೋರಿಸುವಾಗ ಸುಮ್ನೆ 'ಸರಿ ಇದೆಯಾ ಮಿಸ್?' ಅಂತ ಕೇಳಬೇಡಿ. 'ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಇನ್ನೂ ಸ್ವಲ್ಪ ಹೇಳಬೇಕಿತ್ತು?' ಅಂತ ಕೇಳಿ. ಅವರು ತೋರಿಸಿದ ಜಾಗವನ್ನಷ್ಟೇ ಮತ್ತೆ ಬರೆಯಿರಿ.