ನಮ್ಮ ಹೈರೈಡರ್ ನಿಜಕ್ಕೂ ಎಷ್ಟು ಕೊಡುತ್ತೆ? ಅಳೆಯೋದು ಹೀಗೆ

ನಮ್ಮದು ಟೊಯೋಟಾ ಹೈರೈಡರ್ ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಜೊತೆಗೆ ಕರೆಂಟ್ ಮೋಟಾರೂ ಇರೋ ಕಾರು. ಇದಕ್ಕೆ ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 27.97 ಕಿ.ಮೀ. ಅದು ಲ್ಯಾಬಿನಲ್ಲಿ, ರೋಲರ್ ಮೇಲೆ, ಎಸಿ ಆಫ್ ಮಾಡಿ ತೆಗೆದ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ಎಸಿ ಹಾಕದೆ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗಿ ನೋಡಿ, ಆಮೇಲೆ ಮಾತಾಡೋಣ.

ಮೊದಲು ಅಳತೆ. ಟ್ಯಾಂಕ್ ಫುಲ್ ಮಾಡಿಸಿ, ಆಟೋ ಕಟ್ ಆದ ಕೂಡಲೇ, ಅಂದರೆ ಪಂಪ್ ತಾನಾಗೇ ನಿಂತ ಕೂಡಲೇ, ಸಾಕು ಅನ್ನಿ. ಬಂಕ್ ಹುಡುಗ 'ರೌಂಡ್ ಫಿಗರ್ ಮಾಡ್ಲಾ ಸಾರ್?' ಅಂತ ಕೇಳೇ ಕೇಳ್ತಾನೆ. ಬೇಡ ಅನ್ನಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. 500 ಕಿ.ಮೀ. ದಾಟಿದ ಮೇಲೆ ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ ಮತ್ತೆ ಆಟೋ ಕಟ್‌ವರೆಗೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ನನ್ನ ಡೈರಿಯ ಮೊದಲ ಸಾಲು: 612 ಕಿ.ಮೀ., 27.2 ಲೀಟರ್. ಅಂದರೆ 22.5. ಅವತ್ತು ಸ್ಕ್ರೀನ್ ಮಾತ್ರ 24.1 ಅಂತ ಜಂಬ ಕೊಚ್ಚುತ್ತಿತ್ತು. ಒಂದು ಸಲದ ಲೆಕ್ಕ ಸಾಲದು, ನಾಲ್ಕೈದು ಟ್ಯಾಂಕ್ ಬರೆದಿಡಿ.

ಇನ್ನು ಓಡಿಸೋದು. ಈ ಕಾರಿನ ಬ್ಯಾಟರಿ 0.76 ಕಿಲೋವ್ಯಾಟ್ ಅವರ್ ಅಷ್ಟೇ, ಮನೆ ಮೀಟರಿನ ಒಂದು ಯೂನಿಟ್‌ಗೂ ಕಡಿಮೆ. ಕೊಡ ಅಲ್ಲ, ಚೆಂಬು. ತುಂಬಿಸಬೇಕು, ಖಾಲಿ ಮಾಡಬೇಕು, ಮತ್ತೆ ತುಂಬಿಸಬೇಕು. ಅದಕ್ಕೇ ಸಿಗ್ನಲ್ ಕೆಂಪಾಗಿದ್ದು ದೂರದಿಂದ ಕಂಡಾಗಲೇ ಆಕ್ಸಿಲರೇಟರ್ ಬಿಟ್ಟು, ಬ್ರೇಕನ್ನು ಮೆತ್ತಗೆ, ಉದ್ದಕ್ಕೆ ಒತ್ತಿ. ಆಗ ಮೋಟಾರೇ ಕರೆಂಟ್ ಮಾಡಿ ಚೆಂಬಿಗೆ ಸುರಿಯುತ್ತೆ. ಕೊನೇ ಗಳಿಗೆಯಲ್ಲಿ ಗಕ್ಕನೆ ಒತ್ತಿದರೆ ಆ ಶಕ್ತಿ ಬಹುಪಾಲು ಬ್ರೇಕ್ ಡಿಸ್ಕ್ ಬಿಸಿ ಮಾಡಿ ಹೋಗುತ್ತೆ. ಹೊರಡುವಾಗ ತೀರಾ ಆಮೆ ಥರ ಹೋಗೋದೂ ಬೇಡ. ಸಲೀಸಾಗಿ ವೇಗಕ್ಕೆ ಬಂದು ಕಾಲು ಸಡಿಲಿಸಿ, ಇಂಜಿನ್ ತಾನೇ ಆಫ್ ಆಗುತ್ತೆ.

ಹೈವೇನಲ್ಲಿ ಜಾಸ್ತಿ ಸಿಗುತ್ತೆ ಅನ್ನೋ ಹಳೇ ಲೆಕ್ಕ ಇಲ್ಲಿ ನಡೆಯಲ್ಲ. ಒಂದೇ ವೇಗದಲ್ಲಿ ಹೋಗುವಾಗ ಬ್ರೇಕೇ ಇಲ್ಲ, ಪುಕ್ಕಟೆಯಾಗಿ ಚೆಂಬು ತುಂಬೋದು ಎಲ್ಲಿಂದ? ಹಾಸನದ ದಾರಿಯಲ್ಲಿ 110ರಲ್ಲಿ ಹೋದರೆ 18ರ ಆಸುಪಾಸು, 85ರಲ್ಲಿ ಹೋದರೆ 22. ತಲುಪೋದು ಒಂದಷ್ಟು ತಡ, ಅಷ್ಟೇ.

ಶಿರಾಡಿ ಘಾಟಿ ಇಳಿಯುವಾಗ ನಾಲ್ಕೇ ತಿರುವಿಗೆ ಬ್ಯಾಟರಿ ತುಂಬುತ್ತೆ. ಇನ್ನು ಕರೆಂಟ್ ಸುರಿಯೋಕೆ ಜಾಗ ಇಲ್ಲ, ಆಗ ಗೇರನ್ನು ಇಳಿಜಾರಿಗೆಂದೇ ಇರೋ 'ಬಿ'ಗೆ ಹಾಕಿ. ಇಂಜಿನ್ ಜೋರಾಗಿ ಕೂಗುತ್ತೆ, ಆದರೆ ಪೆಟ್ರೋಲ್ ಕುಡಿಯುತ್ತಿಲ್ಲ, ಗಾಡಿಯನ್ನು ಹಿಡಿದು ನಿಲ್ಲಿಸುತ್ತಿದೆ. ಮೊದಲ ಸಲ ನಾನು ಹೆದರಿ ಪಕ್ಕಕ್ಕೆ ನಿಲ್ಲಿಸಿಬಿಟ್ಟಿದ್ದೆ! ಹತ್ತುವಾಗ ಕೂಗೋದು ಬೇರೆ, ಅದು ನಿಜವಾದ ಕೂಗು. ಇಂಜಿನ್, ಮೋಟಾರ್ ಎರಡೂ ಸೇರಿ 116 ಹಾರ್ಸ್‌ಪವರ್. ನಾಲ್ಕು ಜನ, ಲಗೇಜು ಇದ್ದರೆ ಲಾರಿ ಓವರ್‌ಟೇಕ್ ಮಾಡೋಕೆ ಮುಂದೆ ಉದ್ದ ರಸ್ತೆ ಖಾಲಿ ಇರಲೇಬೇಕು.

ಹಾಲು ತರೋಕೆ ಅಂತ ಒಂದು ಕಿಲೋಮೀಟರಿಗೆ ಕಾರು ತೆಗೆಯಬೇಡಿ. ತಣ್ಣಗಿರೋ ಇಂಜಿನ್ ಬಿಸಿಯಾಗೋದಕ್ಕೇ ಪೆಟ್ರೋಲ್ ಸುಡುತ್ತೆ. ನಾನು ಒಂದು ಸಲ ಹಾಗೆ ಹೋದಾಗ ಸ್ಕ್ರೀನ್ ತೋರಿಸಿದ್ದು ಲೀಟರಿಗೆ 11. ಈಗ ಹಾಲಿಗೆ ನಡ್ಕೊಂಡೇ ಹೋಗ್ತೀನಿ.